ಅಜ್ಜಿಯ ಗುಳಿಗೆಗೆ ನಾನು ಕೊಟ್ಟ ಮಜ್ಜಿಗೆ

ಕುರುಗೋಡಿನ ಕಾಲೇಜೊಂದರ ಚರ್ಚಾಸ್ಪರ್ಧೆಯಲ್ಲಿ ನನಗೆ ಮೊದಲ ಬಹುಮಾನ ಬಂದ ದಿನವೇ ಸಿರುಗುಪ್ಪದಲ್ಲಿ ನಮ್ಮ ಅಜ್ಜಿಗೆ ಭೇದಿ ಹತ್ತಿತ್ತು. ಎರಡಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಒಂದು ಇನ್ನೊಂದಕ್ಕೆ ಕಾರಣವಲ್ಲ, ಒಪ್ಪುತ್ತೇನೆ. ಆದರೆ ವಿಷಯ ಒಂದೇ ಆಗಿತ್ತು. ನಾನು ಗೆದ್ದ ಚರ್ಚೆಗೆ ಕೊಟ್ಟಿದ್ದ ವಿಷಯ, ಹೊಟ್ಟೆಯ ಸೋಂಕಿಗೆ ಆ್ಯಂಟಿಬಯೋಟಿಕ್ ವರವೋ ಶಾಪವೋ ಎಂಬುದು. ನಾನು ಶಾಪದ ಕಡೆ.

ಆ ಕಡೆಯನ್ನು ನಾನು ಆರಿಸಿಕೊಂಡಿದ್ದಲ್ಲ, ಚೀಟಿ ಎತ್ತಿದಾಗ ಬಂದದ್ದು. ವರದ ಚೀಟಿ ಬಂದಿದ್ದರೆ ವರದ ಪರವಾಗಿ ಅಷ್ಟೇ ಜೋರಾಗಿ ಕೈ ಬೀಸುತ್ತಿದ್ದೆ. ಬಳ್ಳಾರಿಯಲ್ಲಿ ಕಾನೂನು ಓದುವ ನನಗೆ ಇದರಲ್ಲಿ ನಾಚಿಕೆಯ ಸಂಗತಿ ಏನೂ ಕಾಣುವುದಿಲ್ಲ. ನನ್ನ ತೊಂದರೆ ಬೇರೆ. ಒಂದು ಪಕ್ಷಕ್ಕಾಗಿ ವಾರವಿಡೀ ತಯಾರಿ ಮಾಡಿದರೆ ಕೊನೆಗೆ ಅದನ್ನು ನಾನೇ ನಂಬಿಬಿಡುತ್ತೇನೆ. ತೀರ್ಪುಗಾರರು ಮನೆಗೆ ಹೋಗಿ ಊಟ ಮಾಡಿ ಮರೆತುಬಿಡುವ ಮಾತನ್ನು ನಾನು ವರ್ಷಗಟ್ಟಲೆ ಹೊತ್ತುಕೊಂಡು ತಿರುಗುತ್ತೇನೆ.

ಆವತ್ತು ನಾನು ಹೇಳಿದ್ದೆಲ್ಲ ನಿಜವೇ. ಬಹಳಷ್ಟು ಭೇದಿ ವೈರಸ್‌ನಿಂದ ಬರುತ್ತದೆ, ವೈರಸ್‌ಗೆ ಆ್ಯಂಟಿಬಯೋಟಿಕ್ ಏನೂ ಮಾಡುವುದಿಲ್ಲ ಎಂದೆ. ಬ್ಯಾಕ್ಟೀರಿಯಾದಿಂದ ಬಂದರೂ ಎಷ್ಟೋ ಸಲ ತಾನಾಗಿ ನಿಲ್ಲುತ್ತದೆ, ಅಲ್ಲಿಯವರೆಗೆ ಮೈಯಿಂದ ಹೋದ ನೀರು ಮತ್ತು ಉಪ್ಪು ತುಂಬಿಕೊಡುವುದೇ ಚಿಕಿತ್ಸೆ ಎಂದೆ. ಕರುಳಿನಲ್ಲಿ ನಮಗೆ ಉಪಕಾರ ಮಾಡಿಕೊಂಡು ಬದುಕಿರುವ ಬ್ಯಾಕ್ಟೀರಿಯಾಗಳೂ ಈ ಔಷಧಕ್ಕೆ ಸಾಯುತ್ತವೆ ಎಂದೆ. ಬೇಕಾಬಿಟ್ಟಿ ನುಂಗುತ್ತ ಹೋದರೆ ರೋಗಾಣುಗಳು ಔಷಧಕ್ಕೆ ಪಳಗಿಬಿಡುತ್ತವೆ ಎಂದೆ. "ಒಬ್ಬ ಕಳ್ಳನನ್ನು ಹಿಡಿಯಲು ಇಡೀ ಓಣಿಗೆ ಬೆಂಕಿ ಹಚ್ಚುತ್ತೀರಾ?" ಎಂದು ತೀರ್ಪುಗಾರರ ಮುಖವನ್ನೇ ನೋಡಿ ಕೇಳಿದೆ. ಒಬ್ಬರು ಇಲ್ಲ ಎಂಬಂತೆ ತಲೆಯಾಡಿಸಿದರು. ಬಹುಮಾನ ಬಂತೆಂದು ಆಗಲೇ ತಿಳಿಯಿತು.

ತಯಾರಿಯಲ್ಲಿ ಇನ್ನೊಂದು ಸಾಲು ಇತ್ತು. ಮಲದಲ್ಲಿ ರಕ್ತ, ಜೋರು ಜ್ವರ, ವಯಸ್ಸಾದ ಜೀವ, ಇಂಥ ಕಡೆ ಮಾತು ಬೇರೆ, ಅಲ್ಲಿ ಆ್ಯಂಟಿಬಯೋಟಿಕ್ ಜೀವ ಉಳಿಸುತ್ತದೆ ಎಂಬ ಸಾಲು. ಅದನ್ನು ಹೇಳುವಷ್ಟರಲ್ಲಿ ಗಂಟೆ ಬಾರಿಸಿತು. ಎದುರಾಳಿ ಹುಡುಗನಿಗೆ ಆ ಸಾಲು ಗೊತ್ತಿರಲಿಲ್ಲ. ಗೊತ್ತಿಲ್ಲದವನಿಗೆ ನಾನ್ಯಾಕೆ ಹೇಳಿಕೊಡಲಿ? ಬಹುಮಾನದ ಹಾಟ್‌ಬಾಕ್ಸ್ ಇಸಿದುಕೊಂಡು ವೇದಿಕೆ ಇಳಿದೆ.

ಅಷ್ಟರಲ್ಲಿ ಅಮ್ಮನ ಫೋನು.

"ಹಂಗ ಸಿರುಗುಪ್ಪಕ್ಕ ಹೋಗು. ನಿಮ್ಮ ಅಜ್ಜಿಗಿ ಹೊಟ್ಟಿ ಕೆಟ್ಟೈತಂತ. ನನಗ ಸಾಲ್ಯಾಗ ಪರೀಕ್ಷಿ ಡ್ಯೂಟಿ ಐತಿ, ಬರಾಕ ಆಗಂಗಿಲ್ಲ. ನಿಮ್ಮ ಅತ್ತಿ ಒಬ್ಬಾಕಿನ ಎಷ್ಟಂತ ಮಾಡ್ತಾಳ?"

"ಆತು, ಹೋಗ್ತೀನಿ."

"ಹೋಗಿ ಕೆಲಸ ಮಾಡು. ಭಾಷಣ ಮಾಡಬ್ಯಾಡ."

ಈ ಎಚ್ಚರಿಕೆ ನಮ್ಮ ಮನೆಯಲ್ಲಿ ನನಗೆ ಪ್ರತಿ ಪ್ರಯಾಣಕ್ಕೂ ಸಿಗುತ್ತದೆ. ಬೇರೆಯವರಿಗೆ ಜೋಪಾನ ಎನ್ನುತ್ತಾರಲ್ಲ, ಹಾಗೆ.

ಸಿರುಗುಪ್ಪದ ಮನೆಯಲ್ಲಿ ಅಜ್ಜಿ ಪಡಸಾಲೆಯ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ನನ್ನ ದನಿ ಕೇಳಿ ಈ ಕಡೆ ಹೊರಳಿದಳು.

"ಬಂದ್ಯೇನವ್ವಾ? ಗೆದ್ದ್ಯೋ ಸೋತ್ಯೋ?"

"ಗೆದ್ದೆ ಅಜ್ಜಿ."

"ಏನ್ ಕೊಟ್ರು?"

"ಹಾಟ್‌ಬಾಕ್ಸ್."

"ಮತ್ತ ಅದನ? ಹೋದ ಸಲದ್ದು ಅಟ್ಟದ ಮ್ಯಾಲ ಐತಿ. ಸೋತವ್ರಿಗಿ ಏನ್ ಕೊಡ್ತಾರಂತ ಕೇಳ್ಕೋ. ಚಲೋ ಇದ್ರ ಮುಂದಿನ ಸಲ ಸೋಲು."

ಇಷ್ಟು ಮಾತಾಡುವ ಮುದುಕಿಗೆ ಏನಾಗಿದೆ ಎಂದುಕೊಂಡೆ. ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುವ ನಮ್ಮ ಮಾವ ಅಷ್ಟೊತ್ತಿಗೆ ಮೆಡಿಕಲ್ ಅಂಗಡಿಯಿಂದ ಗುಳಿಗೆ ತಂದರು. ಸ್ಟ್ರಿಪ್ಪಿನಿಂದ ಕತ್ತರಿಯಲ್ಲಿ ಕತ್ತರಿಸಿಕೊಟ್ಟ ಬೆಳ್ಳಿ ಬಣ್ಣದ ತುಂಡು. ಔಷಧದ ಹೆಸರು ಅರ್ಧ ಅಂಗಡಿಯಲ್ಲೇ ಉಳಿದಿತ್ತು. ನಾನು ಹೊಂಚು ಹಾಕಿ ಕೂತಿದ್ದು ಸಾರ್ಥಕವಾಯಿತು.

"ಮಾವ, ಇದು ಏನು ಗುಳಿಗಿ?"

"ಭೇದಿ ಗುಳಿಗಿ."

"ಹೆಸರು?"

"ಭೇದಿ ನಿಲ್ಲೋ ಗುಳಿಗಿ ಕೊಡ್ರಿ ಅಂದ್ರ ಕೊಡ್ತಾರ. ಹೆಸರು ತಗೊಂಡು ಏನ್ ಮಾಡ್ತಿ, ಲಗ್ನಪತ್ರಿಕ್ಯಾಗ ಹಾಕಸ್ತಿಯೇನು?"

ಅಮ್ಮನ ಎಚ್ಚರಿಕೆ ಅಲ್ಲಿಗೆ ಮುಗಿಯಿತು. ಕುರುಗೋಡಿನಲ್ಲಿ ನಿಂತು ಮಾಡಿದ ಭಾಷಣವನ್ನು ಸಿರುಗುಪ್ಪದಲ್ಲಿ ಕೂತು ಮಾಡಿದೆ. ಅಲ್ಲಿ ಗಂಟೆ ಬಾರಿಸುವವರು ಯಾರೂ ಇರಲಿಲ್ಲವಾದ್ದರಿಂದ ಓಣಿಗೆ ಬೆಂಕಿ ಹಚ್ಚುವ ಮಾತನ್ನು ಸಾವಕಾಶವಾಗಿ ಬಿಡಿಸಿ ಹೇಳಿದೆ. ಮಾವ ತಂದ ತುಂಡನ್ನು ಕಿಟಕಿಯ ಮೇಲಿಟ್ಟು ಓಆರ್‌ಎಸ್ ಪುಡಿ ಕಲಸಲು ನೀರು ತರಿಸಿದೆ. ಇಷ್ಟೆಲ್ಲ ಮಾಡಿದವಳು ರೋಗಿಯನ್ನು ಒಂದು ಮಾತೂ ಕೇಳಿರಲಿಲ್ಲ.

ಹಿತ್ತಲಲ್ಲಿ ಬಟ್ಟೆ ಹಿಂಡಿಹಾಕಿ ಬಂದ ಅತ್ತೆ ಕೈ ಒರೆಸಿಕೊಳ್ಳುತ್ತ, ತಗ್ಗಿದ ದನಿಯಲ್ಲಿ ಹೇಳಿದರು. "ನೀರು ಹೋಗೋದಲ್ಲಮ್ಮಾ ಇದು. ಮುಂಜಾನಿಂದ ರಕ್ತ ಬೀಳಾಕತ್ತೈತಿ. ಜ್ವರನೂ ಐತಿ. ಯಾರಿಗೂ ಹೇಳಬ್ಯಾಡ ಅಂದಿದ್ರು."

ಗಂಟೆ ನುಂಗಿದ್ದ ಸಾಲು ನನ್ನ ತಲೆಯಲ್ಲಿ ಪೂರ್ತಿಯಾಗಿ ಓದಿಕೊಂಡಿತು. ರಕ್ತ, ಜ್ವರ, ವಯಸ್ಸಾದ ಜೀವ. ಅಜ್ಜಿಯ ಹಣೆ ಮುಟ್ಟಿ ನೋಡಿದೆ. ನಾನು ಬಂದು ಅಷ್ಟು ಹೊತ್ತಾದ ಮೇಲೆ ಮೊದಲ ಸಲ ಮುಟ್ಟಿದ್ದು. ಕಾದಿತ್ತು.

ಅಜ್ಜಿಯನ್ನು ಆಟೋದಲ್ಲಿ ಕೂಡಿಸಿಕೊಂಡು ಮಾವ ಮತ್ತು ನಾನು ಬಸ್‌ಸ್ಟ್ಯಾಂಡಿನ ಹಿಂದಿನ ಕ್ಲಿನಿಕ್ಕಿಗೆ ಹೋದೆವು. ಡಾಕ್ಟರಮ್ಮ ಅಜ್ಜಿಯ ಮುಂಗೈ ಚರ್ಮವನ್ನು ಚಿವುಟಿ ಬಿಟ್ಟು ನೋಡಿದರು, ನಾಲಿಗೆ ನೋಡಿದರು, ಮೂತ್ರ ಸರಿಯಾಗಿ ಆಗುತ್ತಿದೆಯೇ ಎಂದು ಕೇಳಿದರು, ಹೊಟ್ಟೆ ಒತ್ತಿದರು. ಆಮೇಲೆ ಬರೆಯಲು ಕೂತರು.

"ರಕ್ತ ಐತಿ, ಜ್ವರ ಐತಿ, ವಯಸ್ಸಾಗೈತಿ. ಆ್ಯಂಟಿಬಯೋಟಿಕ್ ಬೇಕು."

"ಮೇಡಂ," ಎಂದೆ. ನಾನು ಹಾಗೆ ಎಂದಾಗ ಮಾವ ಕಣ್ಣು ಮುಚ್ಚಿಕೊಂಡದ್ದು ನೆನಪಿದೆ. "ಇದು ವೈರಸ್ ಅಲ್ಲ, ಬ್ಯಾಕ್ಟೀರಿಯಾನ ಅಂತ ಹೆಂಗ ಹೇಳ್ತೀರಿ?"

"ಖಾತ್ರಿ ಹೇಳಾಕ ಪರೀಕ್ಷಿ ಮಾಡಬೇಕು. ಸ್ಯಾಂಪಲ್ ಬಳ್ಳಾರಿಗಿ ಹೋಗಬೇಕು, ವರದಿ ಬರಾಕ ದಿನ ಹಿಡಿತೈತಿ. ಹಿಂಗ ರಕ್ತ ಬೀಳಾಕತ್ತೈತಿ ಅಂದ್ರ ಬ್ಯಾಕ್ಟೀರಿಯಾ ಕರುಳಿನ ಗ್ವಾಡಿಗೇ ಕೈ ಹಾಕಿರೋ ಅನುಮಾನ. ವರದಿ ಬರೋತನಕ ಕಾಯೋ ಶಕ್ತಿ ನಿಮ್ಮ ಅಜ್ಜಿಗಿಲ್ಲ."

ಇಲ್ಲಿ ನಮ್ಮ ವಿದ್ಯೆಯ ಒಂದು ಗುಟ್ಟು ಹೇಳಬೇಕು. ಚರ್ಚೆಯಲ್ಲಿ ಎದುರಾಳಿಯ ಮಾತನ್ನು ಅರ್ಧ ಕೇಳಿದರೆ ಸಾಕು. ಉಳಿದರ್ಧವನ್ನು ಅವನು ಹೇಳುತ್ತಿರುವಾಗ ನಾವು ಉತ್ತರ ಕಟ್ಟುತ್ತಿರಬೇಕು, ಅವನು ಬಾಯಿ ಮುಚ್ಚುವುದಕ್ಕೂ ನಾವು ತೆರೆಯುವುದಕ್ಕೂ ನಡುವೆ ಸಂದು ಇರಬಾರದು. ಇದರಲ್ಲಿ ನಾನು ಪಳಗಿದವಳು. ಹೀಗಾಗಿ ಡಾಕ್ಟರಮ್ಮ ಗುಳಿಗೆಯ ಸ್ಟ್ರಿಪ್ ತೋರಿಸಿ, ಮೇಜಿನ ಮೇಲಿದ್ದ ನೀರಿನ ಬಾಟಲಿಯ ಕಡೆ ಬೆರಳು ಮಾಡಿ ಏನೋ ಹೇಳಿದ್ದು ನನಗೆ ಕಂಡಿತು, ಕೇಳಿಸಲಿಲ್ಲ. ಅಜ್ಜಿ ತಲೆಯಾಡಿಸಿದಳು. ಅವಳು ಯಾವ ಡಾಕ್ಟರು ಏನು ಹೇಳಿದರೂ ತಲೆಯಾಡಿಸುತ್ತಾಳೆ. ಮನೆಗೆ ಬಂದ ಮೇಲೆ ಆ ತಲೆಯಾಟಕ್ಕೆ ಬೆಲೆಯಿಲ್ಲ. ಮಾವ ಆಗಲೇ ಆಟೋದವನನ್ನು ನಿಲ್ಲಿಸಿಕೊಳ್ಳಲು ಹೊರಗೆ ಹೋಗಿದ್ದರು.

ನನ್ನ ಪ್ರಶ್ನೆ ಅಷ್ಟರಲ್ಲಿ ಸಿದ್ಧವಾಗಿತ್ತು. "ಇದನ್ನ ಕೊಟ್ರ ಕರುಳಾಗಿನ ಒಳ್ಳೆ ಬ್ಯಾಕ್ಟೀರಿಯಾಗಳ ಗತಿ ಏನು ಮೇಡಂ?"

ಅವರು ಪೆನ್ನಿನ ಮುಚ್ಚಳ ಹಾಕಿದರು. "ಮೊದ್ಲ ಅಜ್ಜಿ ಉಳೀಲಿ, ಆಮ್ಯಾಲ ಅವುಗಳ ಯೋಗಕ್ಷೇಮ ನೋಡೋಣಂತ. ಓಆರ್‌ಎಸ್ ಕುಡಿಸ್ತಾ ಇರ್ರಿ. ಜ್ವರ ಇಳೀಲಿಲ್ಲ, ಮೂತ್ರ ಕಡಿಮಿ ಆತು ಅಂದ್ರ ತಡ ಮಾಡಬ್ಯಾಡ್ರಿ, ಕರಕೊಂಡು ಬರ್ರಿ."

ಮನೆಗೆ ಬಂದು ಗುಳಿಗೆ ಕೈಗಿಟ್ಟಾಗ ಅಜ್ಜಿ ಅದನ್ನು ಬೆಳಕಿಗೆ ಹಿಡಿದು ನೋಡಿದಳು.

"ಇದು ಭಾಳ ಹೀಟು. ಬರೇ ನೀರಾಗ ನುಂಗಿದ್ರ ಒಳಗ ಸುಡತೈತಿ. ಮಜ್ಜಿಗ್ಯಾಗ ಕೊಡು."

ಬೇರೆ ದಿನವಾಗಿದ್ದರೆ ನಾನು ಬಿಡುತ್ತಿರಲಿಲ್ಲ. ಮಾವಿನಹಣ್ಣು ಹೀಟು, ಪಪ್ಪಾಯಿ ಹೀಟು, ಮೊಟ್ಟೆ ಹೀಟು ಎಂದಾಗಲೆಲ್ಲ ಎಷ್ಟು ಡಿಗ್ರಿ ಅಜ್ಜಿ ಎಂದು ಕೇಳಿ ಬೈಸಿಕೊಂಡವಳು ನಾನು. ಆದರೆ ಆ ಗಳಿಗೆಯಲ್ಲಿ ನನ್ನ ತಲೆ ಒಳ್ಳೆಯ ಬ್ಯಾಕ್ಟೀರಿಯಾಗಳ ಚಿಂತೆಯಲ್ಲಿತ್ತು. ಮೊಸರಿನಲ್ಲಿ ಅವು ಇರುತ್ತವೆ. ಗುಳಿಗೆ ಕೊಲ್ಲುತ್ತಾ ಹೋಗಲಿ, ಮಜ್ಜಿಗೆ ಹಿಂದಿನಿಂದಲೇ ನಾಟಿ ಮಾಡುತ್ತಾ ಬರಲಿ. ಎರಡನ್ನೂ ಒಟ್ಟಿಗೇ ಕಳಿಸಿದರೆ ಒಂದೇ ಖರ್ಚಿನಲ್ಲಿ ಎರಡು ಕೆಲಸ. ಡಾಕ್ಟರಿಗೆ ಹೊಳೆಯದ್ದು ನನಗೆ ಹೊಳೆಯಿತಲ್ಲ ಎಂಬ ಹಿಗ್ಗೂ ಸ್ವಲ್ಪ ಇತ್ತು.

"ನೀ ಹೇಳೋದು ಖರೇ ಐತಿ ಅಜ್ಜಿ," ಎಂದೆ.

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ಅತ್ತೆ ಬಾಗಿಲಿಗೆ ಬಂದು ನೋಡಿದರು. ಅವರ ತವರು ಆದೋನಿ ಕಡೆ, ಆಶ್ಚರ್ಯವಾದರೆ ತೆಲುಗು ಬರುತ್ತದೆ. "ನಿಜಮೇನಾ?" ಎಂದರು. ಮಾವ ಚಪ್ಪಲಿ ಮೆಟ್ಟುತ್ತಿದ್ದವರು, "ಇಕಿ ಹೌದಂದ್ಲು, ಇವತ್ತ ನೆಲ್ಲು ಹೊರಗ ಹಾಕಬಾರದು, ಮಳಿ ಬರ್ತೈತಿ," ಎಂದು ಗಿರಣಿಗೆ ಹೋದರು.

ಅತ್ತೆ ಮಾಡುವ ಮಜ್ಜಿಗೆ ಹೆಸರಿಗೆ ಮಾತ್ರ ಮಜ್ಜಿಗೆ. ಎಮ್ಮೆಹಾಲಿನ ಗಟ್ಟಿ ಮೊಸರನ್ನು ಕಡೆಗೋಲಿನಿಂದ ಹೆದರಿಸಿ, ಶುಂಠಿ, ಕೊತ್ತಂಬರಿ, ಉಪ್ಪು ಹಾಕಿದ್ದು. ಅದನ್ನು ದೊಡ್ಡ ಸ್ಟೀಲ್ ಲೋಟದ ತುಂಬ ಕೊಡುತ್ತಿದ್ದೆ. ಒಂದು ಗುಟುಕಿಗೆ ಗುಳಿಗೆ, ಉಳಿದದ್ದು ಅದರ ಮೇಲೆ. ಬೆಳಿಗ್ಗೆಯೂ ಹೀಗೇ, ಸಂಜೆಯೂ ಹೀಗೇ. ಹೊತ್ತು ತಪ್ಪಿಸಲಿಲ್ಲ. ಅಜ್ಜಿಯ ಉಷ್ಣಶಾಸ್ತ್ರ ಒಂದು ಕಡೆ, ನನ್ನ ಬ್ಯಾಕ್ಟೀರಿಯಾಶಾಸ್ತ್ರ ಇನ್ನೊಂದು ಕಡೆ, ಎರಡೂ ಆ ಲೋಟದಲ್ಲಿ ಸಂಧಿಸಿದ್ದವು. ನಮ್ಮ ಮನೆಯಲ್ಲಿ ಯಾವ ವಿಷಯಕ್ಕೂ ಎರಡು ಪಕ್ಷ ಇರುತ್ತವೆ, ಒಂದು ತಪ್ಪಿದರೆ ಇನ್ನೊಂದು ಹಿಡಿಯುತ್ತದೆ. ಆ ಲೋಟಕ್ಕೆ ಮಾತ್ರ ವಿರೋಧ ಪಕ್ಷ ಇರಲಿಲ್ಲ.

ಎರಡು ದಿನವಾದರೂ ಭೇದಿ ನಿಲ್ಲಲಿಲ್ಲ. ಜ್ವರ ಸ್ವಲ್ಪ ಇಳಿದಂತೆ ಮಾಡಿ ಮತ್ತೆ ಏರಿತು. ರಕ್ತವೂ ಇತ್ತು. ಅಜ್ಜಿಯ ಕಣ್ಣು ಒಳಗೆ ಹೋದವು, ಕೆನ್ನೆಯ ಎಲುಬು ಮೇಲೆ ಬಂತು. ಓಆರ್‌ಎಸ್ ಎರಡು ಗುಟುಕಿಗೆ ಸಾಕೆನ್ನುತ್ತಿದ್ದಳು. ಪಾಯಖಾನೆಗೆ ಹೋಗಲು ಅತ್ತೆ ಒಂದು ಕಡೆ, ನಾನು ಒಂದು ಕಡೆ ಹಿಡಿಯಬೇಕಾಯಿತು. ಹಿಡಿದಾಗ ತೋಳು ಎಷ್ಟು ಹಗುರವಾಗಿದೆ ಎಂದು ಗೊತ್ತಾಗುತ್ತಿತ್ತು. ಅದಕ್ಕಿಂತ ನನ್ನನ್ನು ಹೆದರಿಸಿದ್ದು ಅವಳ ಮೌನ. ಕಿಟಕಿಯಾಚೆ ಯಾರು ಹೋದರೂ ಅವರ ಸೀರೆಯಿಂದ ಹಿಡಿದು ಬೀಗರವರೆಗೆ ಮಾತಾಡುವ ಅಜ್ಜಿ, ಯಾರು ಹೋದರೂ ಸುಮ್ಮನಿದ್ದಳು.

ನಾನು ಹೊಸ್ತಿಲಲ್ಲಿ ಕೂತು ಫೋನಿನಲ್ಲಿ ಓದಿದೆ. ಓದಿದವಳಿಗೆ ಕಾರಣ ಹೊಳೆಯದೆ ಇರುತ್ತದೆಯೇ? ರೆಸಿಸ್ಟೆನ್ಸ್. ಔಷಧಕ್ಕೆ ಪಳಗಿದ ರೋಗಾಣು. ಕುರುಗೋಡಿನಲ್ಲಿ ಹೇಳಿದ್ದು ಇದನ್ನೇ ಅಲ್ಲವೇ? ಆರೋಪಪಟ್ಟಿ ಸಿದ್ಧವಾಯಿತು. ಡಾಕ್ಟರ ಚೀಟಿ ಕೇಳದೆ ಮಾರುವ ಅಂಗಡಿ, ಕೋಳಿಗೂ ಔಷಧ ತಿನ್ನಿಸುವ ಫಾರಮ್ಮು, ಕೊನೆಗೆ ನಮ್ಮ ಮಾವ. ಊಟಕ್ಕೆ ಬಂದವರನ್ನು ಕೈ ತೊಳೆಯಲೂ ಬಿಡದೆ ಹಿಡಿದೆ.

"ಮಾವ, ಈ ಮನ್ಯಾಗ ನೀವು ಇಷ್ಟು ವರ್ಷ ತಂದೀರಲ್ಲ ತುಂಡು ಗುಳಿಗಿ, ಅದರಿಂದನ ಈಗ ಔಷಧ ನಡೀವಲ್ತು."

ಮಾವ ತಟ್ಟೆಯ ಮುಂದೆ ಕೂತರು. "ಹಂಗಾರ ನಮ್ಮವ್ವನ್ನ ನಾನ ಕೊಂದೆ ಅನ್ನು," ಎಂದರು. ಯಾವಾಗಲೂ ಮಾತಾಡುವ ತಮಾಷೆಯ ದನಿಯಲ್ಲೇ ಅಂದರು. ಆದರೆ ಆ ಮಾತಿನಲ್ಲಿದ್ದ ಸಾವನ್ನು ಅಲ್ಲಿಯವರೆಗೆ ಯಾರೂ ಬಾಯಿಗೆ ತಂದಿರಲಿಲ್ಲ. ಅವರು ಅನ್ನ ಕಲಸಿದರು, ತಿನ್ನಲಿಲ್ಲ.

ಮಂಚದಿಂದ ಅಜ್ಜಿ ಕಣ್ಣು ತೆರೆಯದೆಯೇ ಹೇಳಿದಳು. "ನಾ ಹ್ವಾದ್ರ ಇಕಿ ಕೈಯಾಗ ಮೈಕ್ ಕೊಡಬ್ಯಾಡ್ರಿ. ಮಂದಿ ಊಟಕ್ಕ ಕುಂತಿರ್ತಾರ."

ನಗಬೇಕಾದ ಮಾತು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು.

ಮತ್ತೆ ಕ್ಲಿನಿಕ್ಕು. ಈ ಸಲ ನಾನು ತಯಾರಾಗಿ ಹೋಗಿದ್ದೆ. ಅಜ್ಜಿಯನ್ನು ಕುರ್ಚಿಯಲ್ಲಿ ಕೂಡಿಸುವ ಮೊದಲೇ ಶುರು ಮಾಡಿದೆ. "ಮೇಡಂ, ಇದು ರೆಸಿಸ್ಟೆನ್ಸ್. ನೀವು ಕೊಟ್ಟ ಔಷಧ ಕೆಲಸ ಮಾಡವಲ್ತು. ಬದಲಿಸಬೇಕು. ಮೂರು ಕಾರಣ ಕೊಡ್ತೀನಿ."

ಅವರು ಒಂದನ್ನೂ ಕೇಳಲಿಲ್ಲ. ಅಜ್ಜಿಯ ಕಡೆ ಬಗ್ಗಿದರು. "ಗುಳಿಗಿ ಹೆಂಗ ತಗೊಂಡ್ರಿ ಅಜ್ಜಿ?"

ಅಷ್ಟು ಹೊತ್ತು ಸುಮ್ಮನಿದ್ದ ಅಜ್ಜಿಗೆ ಆಗ ದನಿ ಬಂತು. ನನ್ನನ್ನು ಹೊಗಳುವ ಸಂದರ್ಭ ಅವಳಿಗೆ ಅಪರೂಪಕ್ಕೆ ಸಿಗುತ್ತದೆ. "ಮಜ್ಜಿಗ್ಯಾಗ್ರಿ. ನನ್ನ ಮೊಮ್ಮಗಳು ತನ್ನ ಕೈಯಾರ ಕೊಟ್ಟಾಳ್ರಿ. ಒಂದ್ ಹೊತ್ತೂ ತಪ್ಪಿಸಿಲ್ಲ. ಲಾಯರ್ ಓದಾಕತ್ಯಾಳ್ರಿ."

"ಎಷ್ಟು ಮಜ್ಜಿಗಿ?"

ಅಜ್ಜಿ ಎರಡು ಕೈಯಲ್ಲಿ ಲೋಟದ ಎತ್ತರ ತೋರಿಸಿದಳು. ನನ್ನ ಸೇವೆ ಕಡಿಮೆ ಅನ್ನಿಸಬಾರದೆಂದು ಕೈಗಳನ್ನು ಇನ್ನಷ್ಟು ಅಗಲಿಸಿದಳು. ಅದು ಲೋಟ ಹೋಗಿ ಚೊಂಬಾಯಿತು.

ಡಾಕ್ಟರಮ್ಮ ನನ್ನ ಕಡೆ ತಿರುಗಿದರು. "ನಾ ಆವತ್ತ ಏನ್ ಹೇಳಿದ್ದೆ?"

ಎದುರಾಳಿಯ ಮಾತನ್ನು ಅವನಿಗಿಂತ ಚೆನ್ನಾಗಿ ತಿರುಗಿ ಹೇಳಿ ಆಮೇಲೆ ಒಡೆಯುವುದು ನನ್ನ ಹೆಸರಾದ ಪಟ್ಟು. ಆ ದಿನ ತಿರುಗಿ ಹೇಳಲು ನನ್ನ ಹತ್ತಿರ ಒಂದು ಶಬ್ದವೂ ಇರಲಿಲ್ಲ. ಬೆರಳು, ಬಾಟಲಿ, ತಲೆಯಾಟ ಕಣ್ಣ ಮುಂದೆ ಬಂದವು, ಸದ್ದಿಲ್ಲದ ಸಿನಿಮಾದ ಹಾಗೆ.

"ನೀರಾಗ ನುಂಗಬೇಕು, ಹಾಲು ಮೊಸರು ಮಜ್ಜಿಗಿ ಗುಳಿಗಿ ಜೋಡಿ ಬ್ಯಾಡ ಅಂದಿದ್ದೆ. ಎಲ್ಲಾ ಗುಳಿಗಿಗೂ ಹಿಂಗಲ್ಲ, ಈ ಜಾತಿ ಗುಳಿಗಿಗಿ ಹಂಗ. ಹಾಲಿನಾಗಿನ ಕ್ಯಾಲ್ಸಿಯಂ ಅದನ್ನ ಹಿಡಕೊಂಡುಬಿಡತೈತಿ. ಮೈಗಿ ಹತ್ತೋದು ಕಡಿಮಿ ಆಗತೈತಿ. ಪೂರಾ ಗುಳಿಗಿ ನುಂಗಿಸಿ ಅರ್ಧಂಬರ್ಧ ಔಷಧ ಕೊಟ್ಟೀರಿ ನೀವು."

ಅಲ್ಲಿಗಾದರೂ ನಾನು ಸುಮ್ಮನಾಗಬೇಕಿತ್ತು. "ಹಂಗಾದ್ರ ರೆಸಿಸ್ಟೆನ್ಸ್ ಅಲ್ಲ ಅಂತೀರೇನು?" ಎಂದೆ.

"ಇರಬಹುದು. ಮಜ್ಜಿಗಿ ಒಂದ ಕಾರಣ ಅಂತ ನಾ ಹೇಳಂಗಿಲ್ಲ. ಆದ್ರ ಔಷಧ ಸರಿಯಾಗಿ ಒಳಗ ಹೋಗದನ ಅದು ಸೋತೈತಿ ಅಂತ ನಾ ಹೆಂಗ ಅನ್ನಲಿ?"

ಇದಕ್ಕೆ ಉತ್ತರ ಕಟ್ಟಲು ಹೋದೆ, ಇಲ್ಲ ಎನ್ನಲಾರೆ. ಅಭ್ಯಾಸಬಲ. ಎಲ್ಲಿ ಹಿಡಿದರೂ ಜಾರುತ್ತಿತ್ತು. ಖಾತ್ರಿ ಇಲ್ಲದ್ದನ್ನು ಖಾತ್ರಿ ಇಲ್ಲ ಎಂದು ಹೇಳಿಯೇ ಗೆಲ್ಲುವವರನ್ನು ನಾನು ಯಾವ ವೇದಿಕೆಯಲ್ಲೂ ಎದುರಿಸಿರಲಿಲ್ಲ.

ಅವರು ಅಜ್ಜಿಗೆ ಸಲೈನ್ ಹಚ್ಚಿದರು. ಸ್ಯಾಂಪಲ್ ಬಳ್ಳಾರಿಗೆ ಕಳಿಸಿದರು. ಗುಳಿಗೆ ಅದೇ, ಆದರೆ ನೀರಲ್ಲಿ. "ನಾಳೆ ಸಂಜಿತನಕ ನೋಡೋಣ. ಜ್ವರ ಇಳದು ರಕ್ತ ಕಡಿಮಿ ಆಗಬೇಕು. ಆಗಲಿಲ್ಲ ಅಂದ್ರ ಬಳ್ಳಾರಿಯಾಗ ಅಡ್ಮಿಟ್ ಮಾಡಬೇಕು, ವಾಹನ ತಯಾರು ಇಟಗೊಳ್ರಿ," ಎಂದು ಮಾವನಿಗೆ ಹೇಳಿದರು. ನನಗೆ ಹೇಳಲಿಲ್ಲ.

ಸಲೈನ್ ಬಾಟಲಿಯ ಹನಿ ನೋಡುತ್ತ ಅಜ್ಜಿಯ ಪಕ್ಕ ಸ್ಟೂಲಿನ ಮೇಲೆ ಕೂತಿದ್ದೆ. ಅವಳಿಗೆ ನಿದ್ದೆ ಬಂದಿದೆ ಎಂದುಕೊಂಡಿದ್ದೆ.

"ಹಂಗಾರ ಮಜ್ಜಿಗಿ ಕೆಟ್ಟದ್ದೇನವ್ವಾ?" ಎಂದಳು.

"ಇಲ್ಲ ಅಜ್ಜಿ. ಮಜ್ಜಿಗಿ ಚಲೋನ. ಗುಳಿಗಿನೂ ಚಲೋನ. ಎರಡೂ ಜೋಡಿ ಆಗಂಗಿಲ್ಲಂತ. ನಡುವ ಎರಡು ಮೂರು ತಾಸು ಬಿಡಬೇಕಂತ."

ಅಜ್ಜಿ ಸಲೈನ್ ಹಚ್ಚಿದ ಕೈಯ ಕಡೆ ನೋಡಿದಳು. "ನಿಮ್ಮ ಮಾವನ ಹೆಂಡ್ತಿ ಮನಿಯವ್ರು ಮತ್ತ ನಾವು ಇದ್ದಂಗ. ಅವ್ರೂ ಚಲೋ ಮಂದಿ, ನಾವೂ ಚಲೋ ಮಂದಿ. ಒಂದ ಖೋಲ್ಯಾಗ ಕುಂದ್ರಸಬಾರದು."

ಕರುಳಿನಲ್ಲಿ ಔಷಧ ಹೀರಿಕೊಳ್ಳುವ ಕ್ರಮದ ಬಗ್ಗೆ ಇದಕ್ಕಿಂತ ಸರಳವಾದ ವಿವರಣೆ ನಾನು ಫೋನಿನಲ್ಲಿ ಓದಿರಲಿಲ್ಲ. ಆದರೆ ಅವಳ ಬೆರಳು ತಣ್ಣಗಿದ್ದವು, ಇಷ್ಟು ಮಾತಿಗೇ ಉಸಿರು ಎಳೆಯುತ್ತಿದ್ದಳು. ನಾಳೆ ಸಂಜೆ ಎಂಬುದು ಬಹಳ ದೂರ ಕಂಡಿತು.

ಮನೆಗೆ ಬಂದು ಗುಳಿಗೆ ಕೊಟ್ಟಾಗ, "ನೀರಾಗ ನುಂಗಿದ್ರ ಸುಡತೈತಿ," ಎಂದು ಮತ್ತೆ ಅಂದಳು. ಎಷ್ಟು ಡಿಗ್ರಿ ಎಂದು ನಾನು ಕೇಳಲಿಲ್ಲ. "ಸುಟ್ರ ಇನ್ನೊಂದು ಲೋಟ ನೀರು ಕೊಡ್ತೀನಿ," ಎಂದೆ. ನುಂಗಿದಳು. ಆಮೇಲೆ ನಿಜವಾಗಿ ಇನ್ನೊಂದು ಲೋಟ ಕೇಳಿ ಕುಡಿದಳು.

ಮರುದಿನವೆಲ್ಲ ನಾನು ಥರ್ಮಾಮೀಟರ್ ಹಿಡಿದು ಮಂಚದ ಸುತ್ತ ತಿರುಗಿದೆ. ಅವಳ ಬಗಲಿಂದ ತೆಗೆದು, ನೋಡಿ, ಮನಸ್ಸಿಗೆ ಸಮಾಧಾನ ಆಗದೆ ಮತ್ತೆ ಇಡುವುದು. ಪಾಯಖಾನೆಯ ಬಾಗಿಲ ಹೊರಗೆ ನಿಂತು ಕೇಳುವುದು. "ಅಜ್ಜಿ, ರಕ್ತ ಐತೇನು? ನಿನ್ನಿಗಿಂತ ಕಡಿಮೇನೋ ಜಾಸ್ತೀನೋ? ಬಣ್ಣ ಎಂಥಾದು?"

ಒಳಗಿನಿಂದ ಉತ್ತರ ಬರುತ್ತಿತ್ತು. "ಕೋರ್ಟಿನ್ಯಾಗ ನಿಲ್ಲಿಸಿದಂಗ ಕೇಳ್ತಾಳ. ಕುಂದ್ರಾಕಾದ್ರೂ ಬಿಡು."

ಮಾವ ಗಿರಣಿಯ ಪರಿಚಯದವರ ಕಾರು ಕೇಳಿ ತಂದು ಮನೆ ಮುಂದೆ ನಿಲ್ಲಿಸಿದ್ದರು. ಅತ್ತೆ ಒಂದು ಚೀಲಕ್ಕೆ ಅಜ್ಜಿಯ ಎರಡು ಸೀರೆ, ಟವೆಲ್ಲು, ಲೋಟ ತುಂಬಿ ಬಾಗಿಲ ಹಿಂದೆ ಇಟ್ಟಿದ್ದರು. ಆ ಚೀಲದ ಕಡೆ ಯಾರೂ ನೋಡುತ್ತಿರಲಿಲ್ಲ. ಮಧ್ಯಾಹ್ನ ದಾಟಿದ ಮೇಲೆ ಅಜ್ಜಿಯ ಕುತ್ತಿಗೆ ಬೆವೆತಿತು. ಥರ್ಮಾಮೀಟರ್ ಇಳಿದಿತ್ತು. ನನ್ನ ಕಣ್ಣಿನ ಮೇಲೆ ನನಗೇ ನಂಬಿಕೆಯಿಲ್ಲದೆ ಅತ್ತೆಗೆ ತೋರಿಸಿದೆ, ಅವರು ಮಾವನಿಗೆ ತೋರಿಸಿದರು, ಮಾವ ಅದನ್ನು ತಲೆಕೆಳಗಾಗಿ ಹಿಡಿದು ಚಲೋ ಐತಿ ಎಂದರು. ರಕ್ತವೂ ಕಡಿಮೆಯಾಗಿತ್ತು. ಈ ಸಲ ಕೇಳದೆಯೇ ಒಳಗಿನಿಂದ ಹೇಳಿದ್ದಳು.

ಹೊತ್ತು ಇಳಿಯುವಾಗ ಅತ್ತೆ ಗಂಜಿ ತಂದರು. ಅಜ್ಜಿ ಒಂದು ಚಮಚ ಬಾಯಿಗೆ ಹಾಕಿಕೊಂಡು ಮುಖ ಕಿವಿಚಿದಳು.

"ಉಪ್ಪು ಹಾಕೋದು ಇವ್ರ ತವರ ಮನ್ಯಾಗ ಕಲಿಸಿಲ್ಲ ಕಾಣಸತೈತಿ."

ಅತ್ತೆ ಎಷ್ಟೋ ವರ್ಷಗಳಿಂದ ಸಹಿಸಿಕೊಂಡು ಬಂದ ಮಾತು ಅದು. ಆ ದಿನ ಕಣ್ಣು ಒರೆಸಿಕೊಂಡು, ನಗುತ್ತಾ ಉಪ್ಪಿನ ಡಬ್ಬಿ ತಂದರು. ಮಾವ ಕಾರಿನ ಕೀಲಿ ತೆಗೆದುಕೊಂಡು ಹೊರಗೆ ಹೋದರು, ವಾಪಸ್ ಕೊಟ್ಟುಬರಲು. ನಾನು ನೀರಿನ ಟ್ಯಾಂಕು ತುಂಬಿದೆಯೇ ನೋಡಿಬರುತ್ತೇನೆಂದು ಹಿತ್ತಲಿಗೆ ಹೋಗಿ ಬಹಳ ಹೊತ್ತು ಟ್ಯಾಂಕು ನೋಡಿದೆ.

ವರದಿಯೂ ಬಂತು. ಡಾಕ್ಟರಮ್ಮ ಫೋನಿನಲ್ಲಿ ಹೇಳಿದರು, ಬ್ಯಾಕ್ಟೀರಿಯಾನೇ, ಈ ಗುಳಿಗೆಗೆ ಬಗ್ಗುವ ಜಾತಿಯದೇ, ಕೊಟ್ಟಷ್ಟನ್ನೂ ಮುಗಿಸಿರಿ ಎಂದು. ನನ್ನ ರೆಸಿಸ್ಟೆನ್ಸ್ ವಾದ ಅಲ್ಲಿಗೆ ಕೆಳಗೆ ಬಿತ್ತು. ಊಟಕ್ಕೆ ಕೂತಾಗ ಮಾವನಿಗೆ ಅದನ್ನು ನಾನೇ ಹೇಳಿದೆ. ಅವರು, "ಹಂಗಾರ ನಾ ಕೊಂದಿಲ್ಲ ಅಂತಾತು. ಸಾರು ಹಾಕು," ಎಂದರು.

ಜ್ವರ ಬಿಟ್ಟು ಅಜ್ಜಿ ತಾನಾಗಿ ಗೋಡೆ ಹಿಡಿದು ಓಡಾಡತೊಡಗಿದ ಮೇಲೆ ಹೊಸ ಕಂಟಕ ಬಂತು. ಸ್ಟ್ರಿಪ್ಪಿನಲ್ಲಿ ಇನ್ನೂ ಗುಳಿಗೆಗಳಿದ್ದವು. ನಮ್ಮ ಕಡೆ ಗುಣವಾದ ಮನೆಯಲ್ಲಿ ಉಳಿದ ಗುಳಿಗೆ ಎಂದರೆ ಹೆಪ್ಪಿಗೆ ಕೊಡುವ ಮೊಸರಿನ ಹಾಗೆ, ಕೇಳಿದವರಿಗೆ ಇಲ್ಲ ಎನ್ನಬಾರದು. ಪಕ್ಕದ ಮನೆಯಾಕೆ ಬಂದು ಅಜ್ಜಿಯ ಕ್ಷೇಮ ಕೇಳಿ, ಕೂತು, ಎಲೆ ಅಡಿಕೆ ಹಾಕಿಕೊಂಡ ಮೇಲೆ ನನ್ನ ಕಡೆ ತಿರುಗಿದಳು.

"ಏಮ್ಮಾ, ಅಜ್ಜಿಗಿ ಆರಾಮಾತಲ್ಲ, ಉಳದದ್ದು ಎರಡು ಗುಳಿಗಿ ಕೊಡು. ನಮ್ಮ ಮಗುಂದು ಹೊಟ್ಟಿ ಕೆಟ್ಟೈತಿ."

"ರಕ್ತ ಐತೇನ್ರಿ?"

"ಇಲ್ಲ."

"ಜ್ವರ?"

"ಇಲ್ಲ."

"ಆಟ ಆಡ್ತೈತೇನು? ನೀರು ಕುಡಿತೈತೇನು?"

"ಎಲ್ಲಾ ಮಾಡ್ತೈತಿ. ಎರಡು ಗುಳಿಗಿಗಿ ಇಷ್ಟು ಪ್ರಶ್ನೆ ಕೇಳ್ತಿಯಲ್ಲಮ್ಮಾ."

ಗುಳಿಗೆ ಕೊಡಲಿಲ್ಲ. ಓಆರ್‌ಎಸ್ ಪೊಟ್ಟಣ ಕೊಟ್ಟು, ದೊಡ್ಡವರ ಗುಳಿಗೆ ಮಗುವಿಗೆ ಬೇಡವೇ ಬೇಡ, ರಕ್ತ ಕಂಡರೆ, ಜ್ವರ ಬಂದರೆ, ಮಂಕಾದರೆ ಡಾಕ್ಟರಿಗೆ ತೋರಿಸಿರಿ ಎಂದೆ. ಕುರುಗೋಡಿನ ಭಾಷಣ ಕೊನೆಗೂ ಸರಿಯಾದ ಜಾಗದಲ್ಲಿ, ಬಿಟ್ಟುಹೋದ ಸಾಲಿನ ಸಮೇತ ಪೂರ್ತಿಯಾಗಿತ್ತು. ಆಕೆ ಪೊಟ್ಟಣವನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಹೋದಳು. ಗೇಟಿನ ಹತ್ತಿರ ಜಿಪುಣಿ ಎಂದದ್ದು ನನಗೆ ಕೇಳಿಸಿತು.

"ಕೊಟ್ಟಿದ್ರ ಏನಾಗತಿತ್ತು?" ಎಂದಳು ಅಜ್ಜಿ. "ನನಗ ಆರಾಮಾತು. ಇನ್ನ ಯಾಕ ಅದು?"

ಇಲ್ಲಿಯೂ ನನಗೆ ಎರಡು ಪಕ್ಷವೂ ಗೊತ್ತಿತ್ತು. ಪೂರ್ತಿ ಮುಗಿಸದಿದ್ದರೆ ಅರೆಸತ್ತ ರೋಗಾಣು ಮತ್ತೆ ತಲೆ ಎತ್ತಬಹುದು ಎಂಬುದು ಒಂದು. ಎಷ್ಟು ದಿನ ಕೊಡಬೇಕೆಂಬ ಬಗ್ಗೆ ತಜ್ಞರಲ್ಲೇ ಒಮ್ಮತವಿಲ್ಲ, ಕೆಲವು ಸೋಂಕಿಗೆ ಕಡಿಮೆ ದಿನವೂ ಸಾಕು ಎನ್ನುವವರಿದ್ದಾರೆ ಎಂಬುದು ಇನ್ನೊಂದು. ಎರಡನೆಯದು ನಾಲಿಗೆಯ ತುದಿಗೆ ಬಂದು ಕೂತಿತ್ತು, ಅಷ್ಟು ಚೆಂದದ ವಾದ. ಹಲ್ಲು ಕಚ್ಚಿ ಹಿಡಿದೆ. ಎಷ್ಟು ದಿನ ಎಂದು ನಿರ್ಧರಿಸುವ ಕೆಲಸಕ್ಕೆ ಪೆನ್ನು ಹಿಡಿದು ಕೂತವರೊಬ್ಬರಿದ್ದಾರೆ, ಅವರ ಮಾತನ್ನು ಒಮ್ಮೆ ಅರ್ಧ ಕೇಳಿದ್ದು ಸಾಕಾಗಿತ್ತು.

"ಡಾಕ್ಟರಮ್ಮ ಮುಗಸ್ರಿ ಅಂದಾರ," ಎಂದಷ್ಟೇ ಹೇಳಿದೆ. "ಮುಗಿಯೋತನಕ ನಾ ಬಳ್ಳಾರಿಗಿ ಹೋಗಂಗಿಲ್ಲ. ಇಲ್ಲೇ ಇರ್ತೀನಿ."

"ನಿನಗ ಕಾಲೇಜು ಇಲ್ಲೇನು?"

"ಐತಿ."

"ಪರೀಕ್ಷಿ?"

"ಅದೂ ಐತಿ."

"ದಿನಾ ಆ ಕಡ್ಡಿ ಬಗಲಾಗ ಇಡ್ತಿಯೇನು?"

"ಇಡ್ತೀನಿ."

"ಬಾಗಲ ಹೊರಗ ನಿಂತು ಬಣ್ಣ ಕೇಳ್ತಿ?"

"ಕೇಳ್ತೀನಿ."

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ನನ್ನ ಇಡೀ ವಾದಜೀವನದಲ್ಲಿ ಯಾರಾದರೂ ನನ್ನ ಒಂದು ಮಾತಿಗೆ ಪೂರ್ತಿ ಸೋತು ಒಪ್ಪಿದ್ದನ್ನು ನಾನು ಕಣ್ಣಾರೆ ಕಂಡದ್ದು ಆಗಲೇ.

ಅಲ್ಲಿಂದ ಮುಂದೆ ಗುಳಿಗೆಯ ಹೊತ್ತನ್ನು ಅವಳೇ ನೆನಪಿಸತೊಡಗಿದಳು. ನೀರು ಅವಳೇ ಕೇಳುತ್ತಿದ್ದಳು, ನಾನು ತರುವುದು ತಡವಾದರೆ ಬೈಯುತ್ತಿದ್ದಳು. ಕೊನೆಯ ಗುಳಿಗೆಯನ್ನು ಬೆಳಿಗ್ಗೆ ಸ್ನಾನ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು ಬಂದು, ಪಡಸಾಲೆಯಲ್ಲಿ ಎಲ್ಲರ ಎದುರಿಗೆ ನುಂಗಿದಳು. ನೀರು ಕುಡಿದು, ಬಾಯಿ ತೆರೆದು, ನಾಲಿಗೆ ಎತ್ತಿ ತೋರಿಸಿದಳು.

"ಹೋತು. ನೋಡ್ಕೋ." ಲೋಟ ನನ್ನ ಕೈಗೆ ಕೊಟ್ಟು, ಮಗನ ಕಡೆ ತಿರುಗಿದಳು. "ಬಳ್ಳಾರಿ ಬಸ್ಸು ಎಷ್ಟೊತ್ತಿಗೈತಲೇ? ಇಕಿನ್ನ ಹತ್ತಿಸಿ, ಸೀಟ್ ಹಿಡಿದು ಕುಂದ್ರಿಸಿ, ಬಸ್ಸು ಬಿಟ್ಟ ಮ್ಯಾಲ ಮನಿಗಿ ಬಾ."